ಗಾಡಿ ಗುದ್ದಿ ಸೈಕಲ್ ಸವಾರ ಸತ್ತಾಗ: ಎಫ್‌ಐಆರ್‌ನಿಂದ ತೀರ್ಪಿನವರೆಗೆ ಕುಟುಂಬ ಏನೇನು ಮಾಡಬೇಕು?

“ಹಿಂದಿನಿಂದ ಕಾರು ಗುದ್ದಿ ನಮ್ಮವರು ಸತ್ತರು. ಡ್ರೈವರ್ ಅವತ್ತೇ ಸಂಜೆ ಮನೆಗೆ ಹೋದ. ಇಷ್ಟೇನಾ ಕಾನೂನು?” ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ಬೆಳಗ್ಗೆ ಹೈವೇಯಲ್ಲಿ ರೈಡ್ ಹೋಗುವವರ ಗೆಳೆಯರಿದ್ದಾರೆ. ಪೇಪರ್ ಹಾಕುವ ಹುಡುಗರ, ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದ ಸೆಕ್ಯೂರಿಟಿ ಗಾರ್ಡ್‌ಗಳ ಮನೆಯವರೂ ಇದ್ದಾರೆ.

ಇಷ್ಟೇ ಅಲ್ಲ. ಆದರೆ ಉಳಿದದ್ದು ತಾನಾಗಿ ನಡೆಯುವುದಿಲ್ಲ. ಇಂಥ ಕೇಸುಗಳು ಸೋಲುವುದು ನಾಲ್ಕೈದು ವರ್ಷದ ನಂತರ ಕೋರ್ಟಿನಲ್ಲಿ ಅಂತ ಕಾಣಿಸುತ್ತದೆ. ನಿಜವಾಗಿ ಅವು ಸೋತಿರುವುದು ಮೊದಲ ಎರಡು ವಾರದಲ್ಲಿ, ಕಾಗದದ ಮೇಲೆ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಆ ಮೊದಲ ದಿನಗಳ ಬಗ್ಗೆಯೇ ಇದೆ.

ಇದು ಕರ್ನಾಟಕದ ಓದುಗರಿಗಾಗಿ ಬರೆದದ್ದು. ನಿಮ್ಮ ಕೇಸಿನ ಪತ್ರಗಳನ್ನು ಒಬ್ಬ ವಕೀಲರಿಗೆ ತೋರಿಸಲೇಬೇಕು. ಅವರ ಹತ್ತಿರ ಹೋಗುವ ಮುಂಚೆ ನಿಮಗೆ ಏನು ಗೊತ್ತಿರಬೇಕು ಅನ್ನುವುದಷ್ಟೇ ಇಲ್ಲಿದೆ.

ಶುರು ಮಾಡುವ ಮುಂಚೆ: ಕೇಸು ಒಂದಲ್ಲ, ಎರಡು

ಮೊದಲನೆಯದು ಕ್ರಿಮಿನಲ್ ಕೇಸು. ಇದನ್ನು ನಡೆಸುವುದು ಸರ್ಕಾರ, ಎದುರಾಳಿ ಡ್ರೈವರ್. ಶಿಕ್ಷೆ ಆಗಬೇಕಾದರೆ ಇಲ್ಲೇ ಆಗಬೇಕು. ತಪ್ಪನ್ನು ಅನುಮಾನಕ್ಕೆ ಎಡೆ ಇಲ್ಲದಂತೆ ಸಾಬೀತು ಮಾಡಬೇಕು.

ಎರಡನೆಯದು ಪರಿಹಾರದ ಕೇಸು. ಇದನ್ನು ನೀವೇ ಹಾಕಬೇಕು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಜನ ಇದನ್ನು ಎಂವಿಸಿ ಕೇಸು ಅಂತಾರೆ. ಇಲ್ಲಿ ‘ಹೀಗಾಗಿರುವ ಸಾಧ್ಯತೆಯೇ ಜಾಸ್ತಿ’ ಅಂತ ತೋರಿಸಿದರೆ ಸಾಕು. ಹಾಗಾಗಿ ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಖುಲಾಸೆ ಆದರೂ ಪರಿಹಾರ ಸಿಗಬಹುದು. ದುಡ್ಡು ಕೊಡುವುದು ಸಾಮಾನ್ಯವಾಗಿ ವಿಮಾ ಕಂಪನಿ. ಡ್ರೈವರ್ ಜೇಬಿನಿಂದ ಒಂದು ರೂಪಾಯಿಯೂ ಹೋಗದೆ ಇರಬಹುದು. ಪರಿಹಾರ ಬಂತು ಅಂದ ಮಾತ್ರಕ್ಕೆ ಅವನು ಉತ್ತರ ಕೊಟ್ಟ ಹಾಗಾಗಲಿಲ್ಲ.

ಎರಡೂ ಒಟ್ಟಿಗೆ ನಡೆಯುತ್ತವೆ. ಒಂದು ಮುಗಿಯಲಿ ಅಂತ ಇನ್ನೊಂದಕ್ಕೆ ಕಾಯಬೇಡಿ.

1. ದೂರು: ಏನು ಬರೆಯುತ್ತೀರಿ ಅನ್ನುವುದೇ ಮುಖ್ಯ

ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ಅಪಘಾತದ ಕೇಸು ಸಂಚಾರ ಠಾಣೆಗೆ ಹೋಗುತ್ತದೆ. ಉಳಿದ ಕಡೆ ಆ ಜಾಗದ ಠಾಣೆಗೆ. ಯಾವ ಠಾಣೆಯ ವ್ಯಾಪ್ತಿ ಅಂತ ಜಗಳ ಬಂದರೆ ಝೀರೋ ಎಫ್‌ಐಆರ್ ಕೇಳಿ. ಅಂದರೆ ವ್ಯಾಪ್ತಿ ಯಾವುದೇ ಇರಲಿ, ದೂರು ದಾಖಲಿಸಿಕೊಂಡು ಆಮೇಲೆ ಸರಿಯಾದ ಠಾಣೆಗೆ ಕಳಿಸುವುದು. ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದಕ್ಕೆ ಅವಕಾಶ ಕೊಟ್ಟಿದೆ. ಎಫ್‌ಐಆರ್ ಪ್ರತಿ ನಿಮಗೆ ಉಚಿತ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಅನ್ನುವ ಸಾಲು ಎಲ್ಲ ಎಫ್‌ಐಆರ್‌ಗಳಲ್ಲೂ ಇರುತ್ತದೆ. ಅಷ್ಟು ಬರೆದು ಸುಮ್ಮನಾದರೆ ಸಾಲದು. 1998ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು: ‘ಜೋರಾಗಿ ಬರುತ್ತಿತ್ತು’ ಅಂತ ಸಾಕ್ಷಿಗಳು ಹೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಆದ್ದರಿಂದ ನಡೆದದ್ದನ್ನು ಬಿಡಿಬಿಡಿಯಾಗಿ ಬರೆಯಿರಿ. ಸೈಕಲ್ ರಸ್ತೆಯ ಎಡ ಅಂಚಿನಲ್ಲಿತ್ತೇ? ಗಾಡಿ ಹಿಂದಿನಿಂದ ಗುದ್ದಿತೇ, ಓವರ್‌ಟೇಕ್ ಮಾಡುವಾಗ ಒತ್ತಿತೇ, ರಾಂಗ್ ಸೈಡಿನಲ್ಲಿ ಬಂತೇ? ಸಿಗ್ನಲ್ ಕೆಂಪಿತ್ತೇ? ಡ್ರೈವರ್ ಕೈಯಲ್ಲಿ ಮೊಬೈಲ್ ಇತ್ತೇ? ನಿಂತ ಕಾರಿನ ಬಾಗಿಲು ಏಕಾಏಕಿ ತೆಗೆದದ್ದಾದರೆ ಅದನ್ನೂ ಹಾಗೆಯೇ ಬರೆಯಿರಿ.

ನೀವು ಸ್ಥಳದಲ್ಲಿ ಇಲ್ಲದಿದ್ದರೆ ಇದ್ದ ಹಾಗೆ ಬರೆಯಬೇಡಿ. ‘ಇಂಥವರು ನೋಡಿ ನನಗೆ ತಿಳಿಸಿದರು’ ಅಂತ ಬರೆದರೆ ದೂರಿನ ಬಲ ಕಡಿಮೆಯಾಗುವುದಿಲ್ಲ. ಕಂಡಿದ್ದೇನೆ ಅಂತ ಬರೆದು ಪಾಟೀ ಸವಾಲಿನಲ್ಲಿ ಸಿಕ್ಕಿಬಿದ್ದರೆ ಇಡೀ ಕೇಸೇ ಅಲುಗಾಡುತ್ತದೆ.

ಮೂರನೆಯದು ಯುಡಿಆರ್. ಅಸಹಜ ಸಾವಿನ ವರದಿಗೆ ಠಾಣೆಯಲ್ಲಿ ಹೇಳುವ ಹೆಸರು ಅದು. ‘ಸೈಕಲ್ ಸ್ಕಿಡ್ ಆಗಿ ಬಿದ್ದು ಸತ್ತರು’ ಅಂತ ಯುಡಿಆರ್ ಮಾತ್ರ ಆಗಿದ್ದರೆ ಅಲ್ಲಿ ಆರೋಪಿಯೇ ಇರುವುದಿಲ್ಲ. ಯಾವ ಪತ್ರಕ್ಕಾದರೂ ಸಹಿ ಹಾಕುವ ಮುಂಚೆ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ, ನಗರದಲ್ಲಾದರೆ ಡಿಸಿಪಿಗೆ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ತನಿಖೆಗೆ ಆದೇಶ ಕೇಳಬಹುದು. ಪೋಸ್ಟ್ ರಸೀದಿ ಜೋಪಾನ.

2. ಸಾಕ್ಷ್ಯ: ಕಾಯುವಂತಿಲ್ಲ

ಸಿಸಿಟಿವಿ ದೃಶ್ಯ ಕೆಲವೇ ದಿನದಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಅಂಗಡಿ, ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟ್ ಗೇಟು, ಟೋಲ್ ಪ್ಲಾಜಾ, ಎಲ್ಲೆಲ್ಲಿ ಕ್ಯಾಮೆರಾ ಇದೆ ಅಂತ ಒಬ್ಬರು ನಡೆದುಕೊಂಡು ಹೋಗಿ ಪಟ್ಟಿ ಮಾಡಲಿ. ಗುದ್ದಿದ ಜಾಗ ಮಾತ್ರ ಸಾಲದು, ಆ ಗಾಡಿ ಬಂದ ದಾರಿ ಮತ್ತು ಹೋದ ದಾರಿ ಎರಡೂ ಬೇಕು. ಪಟ್ಟಿಯನ್ನು ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಕ್ಯಾಮೆರಾ ಮಾಲೀಕರಿಗೂ ‘ಇದನ್ನು ಅಳಿಸಬೇಡಿ’ ಅಂತ ಒಂದು ಚೀಟಿ ಕೊಡಿ.

ಮೊಬೈಲಿನಲ್ಲಿ ತೆಗೆದ ವಿಡಿಯೋ, ಡ್ಯಾಶ್‌ಕ್ಯಾಮ್ ದೃಶ್ಯ ಎಲ್ಲ ಕೋರ್ಟಿನಲ್ಲಿ ನಡೆಯುತ್ತವೆ. ಆದರೆ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಒಂದು ಸರ್ಟಿಫಿಕೇಟ್ ಬೇಕು. ಹಳೆಯ ವಕೀಲರು ಇದನ್ನು ಇನ್ನೂ ಹಿಂದಿನ ಸಾಕ್ಷ್ಯ ಕಾಯ್ದೆಯ ಸೆಕ್ಷನ್ ಹಿಡಿದು 65ಬಿ ಅಂತಲೇ ಕರೆಯುತ್ತಾರೆ. ವಾಟ್ಸಾಪ್‌ನಲ್ಲಿ ಸುತ್ತಿ ಬಂದ ಪ್ರತಿಯನ್ನು ನಂಬಿ ಕೂರಬೇಡಿ. ಮೂಲ ಫೈಲು ಯಾರ ಫೋನಿನಲ್ಲಿದೆಯೋ ಆ ಫೋನನ್ನು ಫಾರ್ಮ್ಯಾಟ್ ಮಾಡದಂತೆ ನೋಡಿಕೊಳ್ಳಿ.

ಸೈಕಲ್ ಕೇಸುಗಳಲ್ಲಿ ಇನ್ನೆರಡು ಸಾಕ್ಷ್ಯ ಇರುತ್ತವೆ. ಇವನ್ನು ಕೇಳುವವರೇ ಕಡಿಮೆ. ಒಂದು, ಸೈಕಲ್ಲೇ. ಹಿಂದಿನ ಚಕ್ರ, ಹಿಂದಿನ ಮಡ್‌ಗಾರ್ಡ್ ನಜ್ಜುಗುಜ್ಜಾಗಿ ಮುಂದಿನ ಚಕ್ರ ನೆಟ್ಟಗಿದ್ದರೆ, ‘ಅವನೇ ಅಡ್ಡ ಬಂದ’ ಅನ್ನುವ ಡ್ರೈವರ್ ಮಾತು ನಿಲ್ಲುವುದು ಕಷ್ಟ. ಸೈಕಲನ್ನು ಪೊಲೀಸರು ಮಹಜರು ಬರೆದು ವಶಪಡಿಸಿಕೊಳ್ಳಲಿ. ಪಂಚರು ಅಂದರೆ ಸ್ಥಳೀಯ ಸಾಕ್ಷಿಗಳು, ಅವರ ಮುಂದೆ ಸ್ಥಳದಲ್ಲಿ ಕಂಡದ್ದನ್ನು ಬರೆದುಕೊಳ್ಳುವುದೇ ಮಹಜರು. ಗುಜರಿಗೆ ಹಾಕಬೇಡಿ, ರಿಪೇರಿ ಮಾಡಿಸಬೇಡಿ. ಹಿಂದಿನ ಕೆಂಪು ಲೈಟು, ರಿಫ್ಲೆಕ್ಟರ್, ಹಾಕಿದ್ದ ಬಟ್ಟೆ, ಹೆಲ್ಮೆಟ್ ಎಲ್ಲದರ ಫೋಟೋ ಇರಲಿ.

ಇನ್ನೊಂದು, ಜಿಪಿಎಸ್. ತೀರಿಕೊಂಡವರು ಸ್ಟ್ರಾವಾ, ಗಾರ್ಮಿನ್‌ನಂಥ ಸವಾರಿ ದಾಖಲಿಸುವ ಆ್ಯಪ್ ಅಥವಾ ಸಾಧನ ಬಳಸುತ್ತಿದ್ದರೆ ಅವರ ವೇಗ, ಹೋಗುತ್ತಿದ್ದ ದಿಕ್ಕು, ನಿಂತ ಕ್ಷಣ ದಾಖಲಾಗಿರುತ್ತದೆ. ಖಾತೆ ಮುಚ್ಚುವ ಅವಸರ ಬೇಡ.

ಪೊಲೀಸರಿಗೆ ಲಿಖಿತವಾಗಿ ಕೇಳಬೇಕಾದ ಇನ್ನೊಂದು ವಿಷಯ ಡ್ರೈವರ್ ಕುಡಿದಿದ್ದನೇ ಅನ್ನುವುದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ಗಂಟೆಗಳು ಕಳೆದರೆ ಈ ಸಾಕ್ಷ್ಯ ಇಳಿದು ಹೋಗುತ್ತದೆ, ಮತ್ತೆ ಸಿಗುವುದಿಲ್ಲ.

ಡ್ರೈವರ್ ಬದಲಾಗುವುದನ್ನೂ ಗಮನದಲ್ಲಿಡಿ. ಓಡಿಸಿದ್ದು ಮಾಲೀಕರ ಮಗ, ಠಾಣೆಗೆ ಬಂದದ್ದು ಮನೆಯ ಡ್ರೈವರ್, ಇಂಥದ್ದು ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ, ಯಾರು ಓಡಿಸುತ್ತಿದ್ದರು ಅಂತ ಮಾಲೀಕರು ಪೊಲೀಸರಿಗೆ ಹೇಳಲೇಬೇಕು. ಕಣ್ಣಾರೆ ಕಂಡವರು ಬೇರೆ ವ್ಯಕ್ತಿಯನ್ನು ನೋಡಿದ್ದರೆ ಆ ಹೇಳಿಕೆ ಮೊದಲ ವಾರದಲ್ಲೇ ದಾಖಲಾಗಲಿ. ಓಡಿಸಿದ್ದು 18 ತುಂಬದ ಹುಡುಗನಾದರೆ 199ಎ ಸೆಕ್ಷನ್ ಬರುತ್ತದೆ. ಆಗ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ.

3. ಯಾವ ಸೆಕ್ಷನ್ ಹಾಕಿದ್ದಾರೆ ನೋಡಿ

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದಕ್ಕೂ ಮುಂಚಿನ ಅಪಘಾತಗಳಿಗೆ ಹಳೆಯ ಐಪಿಸಿಯೇ.

ಸಾಮಾನ್ಯವಾಗಿ ಹಾಕುವುದು 281 ಮತ್ತು 106(1). 281 ಅಂದರೆ ಸಾರ್ವಜನಿಕ ರಸ್ತೆಯಲ್ಲಿ ದುಡುಕಿನ ಚಾಲನೆ, 6 ತಿಂಗಳವರೆಗೆ ಜೈಲು. 106(1) ಅಂದರೆ ನಿರ್ಲಕ್ಷ್ಯದಿಂದ ಸಾವು. ಹಳೆಯ 304ಎ ಸೆಕ್ಷನ್‌ನಲ್ಲಿ 2 ವರ್ಷದವರೆಗೆ ಜೈಲು ಅಥವಾ ಬರೀ ದಂಡ ಇತ್ತು. ಈಗ 5 ವರ್ಷದವರೆಗೆ ಜೈಲು ಮತ್ತು ದಂಡ, ಎರಡೂ. ಕನಿಷ್ಠ ಎಷ್ಟು ಅಂತ ಮಾತ್ರ ಇಲ್ಲ. ಇದು ಜಾಮೀನು ಸಿಗುವ ಅಪರಾಧ. ಡ್ರೈವರ್ ಅವತ್ತೇ ಮನೆಗೆ ಹೋಗುವುದು ಇದಕ್ಕೇ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಜಾಮೀನು ಅಂದರೆ ಬಿಡುಗಡೆ ಅಲ್ಲ.

ಇದಕ್ಕಿಂತ ದೊಡ್ಡದು 105, ಕೊಲೆ ಅಲ್ಲದ ನರಹತ್ಯೆ. ತಾನು ಮಾಡುತ್ತಿರುವುದರಿಂದ ಯಾರಾದರೂ ಸಾಯಬಹುದು ಅನ್ನುವ ಅರಿವು ಡ್ರೈವರ್‌ಗೆ ಇತ್ತು ಅಂತ ತೋರಿಸಿದರೆ 10 ವರ್ಷದವರೆಗೆ ಜೈಲು. ಜಾಮೀನು ಸುಲಭವಲ್ಲ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದು 7 ಜನ ಸತ್ತರು. ಹಾಗೆಯೇ ಕಾರು ಹರಿದು ಜನ ಸತ್ತ 1999ರ ದೆಹಲಿ ಬಿಎಂಡಬ್ಲ್ಯು ಪ್ರಕರಣ ನಿಮಗೆ ನೆನಪಿರಬಹುದು. ಎರಡರಲ್ಲೂ 2012ರಲ್ಲಿ ಸುಪ್ರೀಂ ಕೋರ್ಟ್ ಇದು ಬರೀ ನಿರ್ಲಕ್ಷ್ಯ ಅಲ್ಲ, ನರಹತ್ಯೆ ಅಂತಲೇ ಒಪ್ಪಿತು. ಕುಡಿದು ಓಡಿಸಿದ್ದು, ಗುದ್ದಿದ ಮೇಲೂ ಎಳೆದುಕೊಂಡು ಹೋದದ್ದು, ರೇಸ್ ಮಾಡುತ್ತಿದ್ದದ್ದು, ಬೇಕೆಂತಲೇ ಸೈಕಲ್ ಕಡೆ ತಿರುಗಿಸಿದ್ದು, ಇಂಥದ್ದಕ್ಕೆ ಸಾಕ್ಷ್ಯ ಇದ್ದರೆ 105 ಸೇರಿಸಿ ಅಂತ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ. ಬರೀ ಕೋಪಕ್ಕೆ ಕೇಳಬೇಡಿ. ನಿಲ್ಲದ ಸೆಕ್ಷನ್ ಹಾಕಿಸಿದರೆ ಡ್ರೈವರ್ ಪರ ವಕೀಲರಿಗೆ ಅದೇ ಒಂದು ವಾದ ಆಗುತ್ತದೆ.

ಗುದ್ದಿ ಓಡಿಹೋದರೆ 10 ವರ್ಷ ಅಂತ ಬಹಳ ಜನ ಹೇಳುತ್ತಾರೆ. ಅದು 106(2). 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಮಾಡಿದ್ದು ಇದರ ವಿರುದ್ಧವೇ. ಜುಲೈನಲ್ಲಿ ಸಂಹಿತೆಯ ಉಳಿದ ಭಾಗ ಜಾರಿಗೆ ಬಂದಾಗ ಇದೊಂದನ್ನು ತಡೆಹಿಡಿಯಲಾಯಿತು. ಆದ್ದರಿಂದ ಓಡಿಹೋದವರ ಮೇಲೆ ಮೋಟಾರು ವಾಹನ ಕಾಯ್ದೆಯ 134 ಮತ್ತು 187 ಇದೆಯಾ ನೋಡಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು ಡ್ರೈವರ್ ಕರ್ತವ್ಯ ಅಂತ 134 ಹೇಳುತ್ತದೆ. ತಪ್ಪಿದರೆ 187ರ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

4. ‘ಸೆಟಲ್ ಮಾಡಿಕೊಳ್ಳೋಣ’ ಅಂತ ಬಂದವರಿಗೆ

ಶವಾಗಾರದ ಮುಂದೆಯೇ ಶುರುವಾಗುತ್ತದೆ ಇದು. ಒಂದು ಕಡೆ ಡ್ರೈವರ್ ಕಡೆಯವರು, ಇನ್ನೊಂದು ಕಡೆ ‘ಕ್ಲೇಮ್ ಮಾಡಿಸಿ ಕೊಡ್ತೀವಿ’ ಅನ್ನುವ ಏಜೆಂಟರು.

106(1) ರಾಜಿಯಲ್ಲಿ ಮುಗಿಯುವ ಅಪರಾಧವಲ್ಲ. ದುಡ್ಡು ತೆಗೆದುಕೊಂಡು ‘ನಮ್ಮದೇನೂ ತಕರಾರಿಲ್ಲ’ ಅಂತ ಬರೆದುಕೊಟ್ಟರೆ ಕೇಸು ಕಾಗದದಲ್ಲಿ ಉಳಿಯುತ್ತದೆ, ಸಾಕ್ಷಿ ಹೇಳುವವರು ಉಳಿಯುವುದಿಲ್ಲ. ಖಾಲಿ ಹಾಳೆ, ವಕಾಲತ್ತು, ಸ್ಟಾಂಪ್ ಪೇಪರ್, ಯಾವುದಕ್ಕೂ ಆ ವಾರದಲ್ಲಿ ಸಹಿ ಬೇಡ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸು ಮಾತಾಡುವುದು ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸಹಾಯವಾಣಿ 15100. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಗಂಡನನ್ನು ಕಳೆದುಕೊಂಡ ಹೆಂಡತಿಯೇ ಅರ್ಜಿದಾರಳಾದರೆ ಅವಳಿಗೆ ಈ ಹಕ್ಕು ಇದ್ದೇ ಇದೆ.

5. ಪರಿಹಾರದ ಅರ್ಜಿ: 6 ತಿಂಗಳು

ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅಪಘಾತ ಆದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಿಂದ ಈ ಗಡುವು ಇದೆ. ಇದು ಸರಿಯೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆ ಹೋಗಿದೆ. ನೀವು ಮಾತ್ರ ಅದನ್ನು ನೆಚ್ಚಿಕೊಂಡು ತಡ ಮಾಡಬೇಡಿ. ಅಪಘಾತ ಆದ ಊರಿನಲ್ಲೇ ಹಾಕಬೇಕು ಅಂತಿಲ್ಲ, ನೀವು ವಾಸ ಮಾಡುವ ಊರಿನಲ್ಲೂ ಹಾಕಬಹುದು. ಕಲಬುರಗಿಯಿಂದ ಬಂದು ಬೆಂಗಳೂರಿನಲ್ಲಿ ದುಡಿಯುತ್ತಿದ್ದವರ ಮನೆಯವರಿಗೆ ಇದು ದೊಡ್ಡ ಅನುಕೂಲ. ಬೆಂಗಳೂರಿನಲ್ಲಾದರೆ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಈ ಕೇಸುಗಳು ನಡೆಯುತ್ತವೆ.

ಬೇಕಾಗುವ ಪತ್ರಗಳು: ಎಫ್‌ಐಆರ್ ಮತ್ತು ದೂರು, ಸ್ಥಳ ಮಹಜರು ಮತ್ತು ಸ್ಕೆಚ್, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಐಎಂವಿ ರಿಪೋರ್ಟ್ ಅಂದರೆ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ಕೊಡುವ ವರದಿ, ಗಾಡಿಯ ಆರ್‌ಸಿ ಮತ್ತು ವಿಮೆ, ಡ್ರೈವರ್ ಲೈಸೆನ್ಸ್, ಮರಣ ಪ್ರಮಾಣ ಪತ್ರ, ವಂಶವೃಕ್ಷ, ವಯಸ್ಸಿನ ಮತ್ತು ಆದಾಯದ ದಾಖಲೆ. ಚಾರ್ಜ್‌ಶೀಟ್ ಆಮೇಲೆ ಸೇರಿಸಬಹುದು. ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲರ ಹೆಸರೂ ಅರ್ಜಿಯಲ್ಲಿ ಇರಲಿ. ಅತ್ತೆ ಸೊಸೆ ಬೇರೆ ಬೇರೆ ಅರ್ಜಿ ಹಾಕಿದರೆ ಇಬ್ಬರಿಗೂ ತಡ.

ಲೆಕ್ಕ ಹೇಗೆ ಅಂತ ಗೊತ್ತಿದ್ದರೆ ಯಾರೂ ನಿಮಗೆ ಕಡಿಮೆ ಹೇಳಿ ಒಪ್ಪಿಸಲಾರರು. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪು ಇದಕ್ಕೆ ಆಧಾರ. ತೀರಿಕೊಂಡವರಿಗೆ 30 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 20,000 ರೂಪಾಯಿ, ಮನೆಯಲ್ಲಿ ಹೆಂಡತಿ, ಮಗು, ತಾಯಿ ಅಂತಿಟ್ಟುಕೊಳ್ಳಿ. ಮುಂದೆ ಆದಾಯ ಹೆಚ್ಚುತ್ತಿತ್ತು ಅಂತ ಶೇ 40 ಸೇರಿಸಿದರೆ 28,000. ಅವರ ಸ್ವಂತ ಖರ್ಚು ಅಂತ ಮೂರನೇ ಒಂದು ಭಾಗ ಕಳೆಯುತ್ತಾರೆ. ವರ್ಷಕ್ಕೆ 2,24,000 ಉಳಿಯುತ್ತದೆ. ಇದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ, ಅಂದರೆ ಗುಣಕದಿಂದ, ಗುಣಿಸುತ್ತಾರೆ. 30ರ ವಯಸ್ಸಿಗೆ ಅದು 17. ಒಟ್ಟು 38,08,000 ರೂಪಾಯಿ. ಅಂತ್ಯಕ್ರಿಯೆ, ಒಡನಾಟದ ನಷ್ಟ ಇತ್ಯಾದಿ ಬೇರೆ. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ಊಹೆಯ ಆದಾಯ ಹಿಡಿಯುತ್ತಾರೆ, ಅಲ್ಲಿಯೇ ಲಕ್ಷಗಟ್ಟಲೆ ಕೈತಪ್ಪುವುದು. ಬ್ಯಾಂಕ್ ಪಾಸ್‌ಬುಕ್, ಯುಪಿಐ ವಿವರ, ಮಾಲೀಕರ ಪತ್ರ, ಏನಿದೆಯೋ ಅದನ್ನೆಲ್ಲ ಕೂಡಿಸಿ.

ವಿಮಾ ಕಂಪನಿ ಎತ್ತುವ ಮೊದಲ ವಾದ: ತಪ್ಪಿನಲ್ಲಿ ಸೈಕಲ್‌ನವರಿಗೂ ಪಾಲಿದೆ. ಲೈಟ್ ಇರಲಿಲ್ಲ, ಏಕಾಏಕಿ ತಿರುಗಿದರು, ಹೆಲ್ಮೆಟ್ ಹಾಕಿರಲಿಲ್ಲ. ಆದರೆ ಸೈಕಲ್ ಮೋಟಾರು ವಾಹನವೇ ಅಲ್ಲ. ಹೆಲ್ಮೆಟ್ ಕಡ್ಡಾಯ ಮಾಡುವ 129ನೇ ಸೆಕ್ಷನ್ ಇರುವುದು ಬೈಕ್‌ಗಳಿಗೆ. ಉಳಿದ ವಾದಗಳಿಗೆ ಉತ್ತರ ಎರಡನೇ ಹಂತದಲ್ಲಿ ತೆಗೆದ ಫೋಟೋಗಳಲ್ಲಿ ಇರುತ್ತದೆ.

ತಪ್ಪು ಯಾರದ್ದು ಅಂತ ಸಾಬೀತು ಮಾಡದೆಯೇ 5 ಲಕ್ಷ ರೂಪಾಯಿ ಪಡೆಯುವ ದಾರಿಯೂ ಇದೆ, 164ನೇ ಸೆಕ್ಷನ್. ಬೇಗ ಆಗುತ್ತದೆ ಅಂತ ಆಸೆಪಡುವ ಮುಂಚೆ ಯೋಚಿಸಿ. ವಿಮಾ ಕಂಪನಿ ಮುಂದಿಟ್ಟ ಆ ಹಣವನ್ನು ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ಮೇಲಿನ ಲೆಕ್ಕದ ಪಕ್ಕ ಈ 5 ಲಕ್ಷ ಇಟ್ಟು ನೋಡಿ.

ಗುದ್ದಿದ್ದು ಸಾರಿಗೆ ನಿಗಮದ ಬಸ್ ಆದರೆ ವಿಮೆ ಇಲ್ಲದಿರಬಹುದು, ಆಗ ನಿಗಮವೇ ಕೊಡಬೇಕು. ಗಾಡಿಯೇ ಪತ್ತೆ ಇಲ್ಲದಿದ್ದರೆ ದಾರಿ ಬೇರೆ. 2022ರ ಗುದ್ದೋಡು (ಹಿಟ್ ಅಂಡ್ ರನ್) ಪರಿಹಾರ ಯೋಜನೆಯಲ್ಲಿ ಸಾವಿಗೆ 2 ಲಕ್ಷ ರೂಪಾಯಿ ಇದೆ. ಅರ್ಜಿಯನ್ನು ಅಪಘಾತ ಆದ ತಾಲ್ಲೂಕಿನ ತಹಸೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಈ ಯೋಜನೆ ಇದೆ ಅನ್ನುವುದೇ ಬಹಳ ಜನರಿಗೆ ಗೊತ್ತಿಲ್ಲ. ಆಮೇಲೆ ಗಾಡಿ ಸಿಕ್ಕಿ ದೊಡ್ಡ ಪರಿಹಾರ ಬಂದರೆ ಈ 2 ಲಕ್ಷವನ್ನು ವಾಪಸ್ ಕೊಡಬೇಕಾಗುತ್ತದೆ.

6. ಚಾರ್ಜ್‌ಶೀಟ್ ಬಂತಾ?

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಲಿಖಿತವಾಗಿ ಕೇಳಿ.

ಕೆಲವೊಮ್ಮೆ ಚಾರ್ಜ್‌ಶೀಟ್ ಬದಲು ಬಿ ರಿಪೋರ್ಟ್ ಹೋಗುತ್ತದೆ, ಅಂದರೆ ಅಪರಾಧ ನಡೆದಿಲ್ಲ ಅಂತ ಕೇಸು ಮುಚ್ಚುವುದು. ಸಿ ರಿಪೋರ್ಟ್ ಅಂದರೆ ಆರೋಪಿ ಪತ್ತೆಯಾಗಲಿಲ್ಲ ಅಂತ. ಎರಡಕ್ಕೂ ನೀವು ಮ್ಯಾಜಿಸ್ಟ್ರೇಟ್ ಮುಂದೆ ತಕರಾರು ಅರ್ಜಿ ಹಾಕಬಹುದು. ಒಂದನೇ ಮತ್ತು ಎರಡನೇ ಹಂತದಲ್ಲಿ ಸೀಲು ಹಾಕಿಸಿಕೊಂಡ ಪತ್ರಗಳು ಈಗ ಕೆಲಸಕ್ಕೆ ಬರುತ್ತವೆ. ‘ಈ ಕ್ಯಾಮೆರಾ ಬಗ್ಗೆ ಇಂಥ ದಿನ ಹೇಳಿದ್ದೆವು, ನೋಡಲೇ ಇಲ್ಲ’ ಅಂತ ತೋರಿಸಿದರೆ ಮರುತನಿಖೆ ಕೇಳಲು ಗಟ್ಟಿ ಕಾರಣ ಸಿಗುತ್ತದೆ.

ಇದೇ ಹೊತ್ತಿಗೆ ಆರ್‌ಟಿಒಗೂ ಒಂದು ಅರ್ಜಿ ಕೊಡಿ. ಲೈಸೆನ್ಸ್ ಅಮಾನತು ಮಾಡುವ ಅಥವಾ ರದ್ದುಪಡಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಅವರಿಗಿದೆ. ಅದಕ್ಕೆ ಕೋರ್ಟ್ ತೀರ್ಪಿಗಾಗಿ ಕಾಯಬೇಕಿಲ್ಲ.

7. ವಿಚಾರಣೆ ಶುರುವಾದ ಮೇಲೆ

ಕೇಸು ನಡೆಸುವುದು ಸರ್ಕಾರಿ ಅಭಿಯೋಜಕರು, ಜನ ಹೇಳುವ ಎಪಿಪಿ. ಅವರ ಕೈಯಲ್ಲಿ ರಾಶಿ ಕೇಸುಗಳು ಇರುತ್ತವೆ. ಅವರಿಗೆ ನೆರವಾಗಲು ಕೋರ್ಟಿನ ಅನುಮತಿ ಪಡೆದು ನೀವು ಒಬ್ಬ ವಕೀಲರನ್ನು ಇಟ್ಟುಕೊಳ್ಳಬಹುದು. ಆ ವಕೀಲರು ಸಾಕ್ಷ್ಯ ಮುಗಿದ ಮೇಲೆ ಲಿಖಿತ ವಾದವನ್ನೂ ಕೊಡಬಹುದು. ಸಾಕ್ಷಿಗಳಿಗೆ ಸಮನ್ಸ್ ತಲುಪಿತೇ ಅಂತ ನೀವೇ ವಿಚಾರಿಸುತ್ತಿರಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಸಿಗುತ್ತದೆ. ಕಣ್ಣಾರೆ ಕಂಡ ಸಾಕ್ಷಿ ಬಾಡಿಗೆ ಮನೆ ಬದಲಾಯಿಸಿ ಹೋದ ಅನ್ನುವಷ್ಟಕ್ಕೇ ಕೇಸು ಬಿದ್ದುಹೋಗಬಹುದು. ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇರಲಿ. ಆದರೆ ಹೇಳಿಕೆ ಹೇಳಿಕೊಡಲು ಹೋಗಬೇಡಿ.

ಶಿಕ್ಷೆಯ ದಿನ ಡ್ರೈವರ್ ಕಡೆಯಿಂದ ಬರುವ ಮಾತು ಗೊತ್ತೇ ಇದೆ: ಬಡವ, ಸಂಸಾರಸ್ಥ, ಪರಿಹಾರ ಆಗಲೇ ಸಿಕ್ಕಿದೆ. ಇದಕ್ಕೆ ಉತ್ತರವಾಗಿ ಎಪಿಪಿ ಮೂಲಕ ಇಡಬಹುದಾದ ತೀರ್ಪುಗಳಿವೆ. 1987ರಲ್ಲಿ, ಕರ್ನಾಟಕದ ಒಂದು ಕೇಸಿನಲ್ಲಿ, ಸಾವಿಗೆ ಬರೀ 250 ರೂಪಾಯಿ ದಂಡ ಹಾಕಿದ್ದನ್ನು ಸುಪ್ರೀಂ ಕೋರ್ಟ್ 6 ತಿಂಗಳ ಜೈಲು ಮತ್ತು 1,000 ರೂಪಾಯಿ ದಂಡಕ್ಕೆ ಏರಿಸಿತು. 2015ರ ಪಂಜಾಬಿನ ಕೇಸಿನಲ್ಲಿ, ಪರಿಹಾರ ಕೊಟ್ಟಿದ್ದಾನೆ ಅಂತ ಹೈಕೋರ್ಟ್ 24 ದಿನದ ಜೈಲಿಗೇ ಬಿಟ್ಟಿದ್ದವನಿಗೆ ಸುಪ್ರೀಂ ಕೋರ್ಟ್ 6 ತಿಂಗಳ ಶಿಕ್ಷೆ ಕೊಟ್ಟಿತು.

8. ತೀರ್ಪಿನ ನಂತರ

ಡ್ರೈವರ್ ಖುಲಾಸೆ ಆದರೆ, ಅಥವಾ ದೊಡ್ಡ ಅಪರಾಧ ಬಿಟ್ಟು ಸಣ್ಣದಕ್ಕೆ ಮಾತ್ರ ಶಿಕ್ಷೆ ಆದರೆ, ಸಂತ್ರಸ್ತ ಕುಟುಂಬವೇ ಮೇಲ್ಮನವಿ ಹಾಕಬಹುದು. ಸುರಕ್ಷಾ ಸಂಹಿತೆಯ 413ನೇ ಸೆಕ್ಷನ್ ಈ ಹಕ್ಕು ಕೊಡುತ್ತದೆ. ಶಿಕ್ಷೆ ಆಗಿದೆ, ಆದರೆ ಕಡಿಮೆ ಆಯಿತು ಅನ್ನುವುದಾದರೆ ಆ ಮೇಲ್ಮನವಿ ಹಾಕಬೇಕಾದ್ದು ಸರ್ಕಾರ. ಆಗ ತೀರ್ಪಿನ ಪ್ರತಿ ತೆಗೆದುಕೊಂಡು, ಯಾಕೆ ಕಡಿಮೆ ಅಂತ ಒಂದು ಪುಟದಲ್ಲಿ ಬರೆದು, ಅಭಿಯೋಜನಾ ಇಲಾಖೆಗೆ ಅದೇ ವಾರ ಅರ್ಜಿ ಕೊಡಿ. ಮೇಲ್ಮನವಿಯ ಗಡುವು ತೀರ್ಪಿನ ದಿನದಿಂದಲೇ ಓಡಲು ಶುರುವಾಗಿರುತ್ತದೆ.